ನೋಡುವ ಕಣ್ಣು, ಹೇಳುವ ನಾಲಗೆ

ಬಾಡಿಗೆಗೆ ಹಿಡಿಯಲಿರುವ ಕಟ್ಟಡವನ್ನು ನೋಡಿಬರುವುದು ಲೋಕವ್ಯವಹಾರದಲ್ಲಿ ಚಿಕ್ಕ ಕೆಲಸ. ಆದರೆ ಆ ಚಿಕ್ಕ ಕೆಲಸದೊಳಗೆ ದೊಡ್ಡದೊಂದು ಧರ್ಮಪ್ರಶ್ನೆ ಅಡಗಿದೆ. ತನಗೆ ತಿಳಿದಿರುವ ದೋಷವನ್ನು ಎದುರಿನವನು ಕೇಳದಿದ್ದರೂ ಹೇಳಬೇಕಾದ ಹೊಣೆ ಮನೆಯೊಡೆಯನಿಗೆ ಉಂಟೆ? ಕಣ್ಣಿದ್ದವನು ನೋಡಿಕೊಳ್ಳಲಿ ಎಂದು ಸುಮ್ಮನಿದ್ದುಬಿಟ್ಟರೆ ಅದು ನ್ಯಾಯವಾದೀತೆ?

ಹಿಂದೂಪುರ, ಕಲ್ಯಾಣದುರ್ಗಗಳಂತಹ ಗಡಿಯೂರುಗಳಲ್ಲಿ ಈ ಪ್ರಶ್ನೆ ಬರಿಯ ತರ್ಕವಲ್ಲ. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಬಿಸಿಲು, ಬಂಡೆ, ಮಳೆಯ ಬಡತನ ಮಾತ್ರ ಎರಡಕ್ಕೂ ಸಮಾನ. ವಾಚನಾಲಯಕ್ಕೋ ಸಂಜೆಯ ಪಾಠಕ್ಕೋ ಎರಡು ಕೊಠಡಿಗಳ ಕಟ್ಟಡ ಬೇಕಾದವರು ಶಾಲೆ ತೆರೆಯುವ ಜೂನ್ ತಿಂಗಳಿಗೆ ಮೊದಲೇ, ಸುಡುಬೇಸಗೆಯಲ್ಲಿ ಹುಡುಕಹೊರಡುವರು. ಈ ಸೀಮೆಯಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರು, ಅಕ್ಟೋಬರುಗಳಲ್ಲಿ. ವೈಶಾಖದ ಬಿಸಿಲಿನಲ್ಲಿ ಸೋರುವ ಮಾಳಿಗೆಯೂ ನಿರ್ದೋಷಿಯಾಗಿಯೇ ಕಾಣುವುದು.

ಆದುದರಿಂದ ನೋಡುವವನು ತನ್ನ ಪಾಲಿನ ಶ್ರಮವನ್ನು ಪಡಲೇಬೇಕು. ಮಾಳಿಗೆಯ ಮೇಲೆ ಹತ್ತಿ ನೀರಿನ ಇಳಿಜಾರನ್ನು ನೋಡಬೇಕು. ತೊಲೆಯನ್ನು ಬಡಿದು, ಗೆದ್ದಲು ತಿಂದ ಟೊಳ್ಳು ದನಿ ಬರುವುದೇ ಎಂದು ಆಲಿಸಬೇಕು. ಒಂದೇ ಗೋಡೆಗೆ ಹೊಸ ಸುಣ್ಣ ಬಳಿದಿದ್ದರೆ ಕಾರಣ ಕೇಳಬೇಕು. ಹಿಂದೂಪುರಕ್ಕೆ ಸಮೀಪದ ಲೇಪಾಕ್ಷಿಯ ದೇಗುಲದಲ್ಲಿ ನೆಲಕ್ಕೆ ಪೂರ್ತಿಯಾಗಿ ಊರದ ಕಂಬವೊಂದಿದೆ. ದೂರದಿಂದ ನೋಡಿದವನಿಗೆ ಅದೂ ಉಳಿದ ಕಂಬಗಳಂತೆಯೇ. ಅಡಿಯಲ್ಲಿ ಬಟ್ಟೆ ತೂರಿಸಿದವನಿಗೆ ಮಾತ್ರ ನಿಜ ತಿಳಿಯುವುದು. ಅಲ್ಲಿ ಅದು ವಿಸ್ಮಯ. ವಾಸದ ಕಟ್ಟಡದಲ್ಲಿ ಕಂಬವು ಭಾರ ಹೊರದಿದ್ದರೆ ಅದು ವಿಪತ್ತು.

ಆದರೆ ಎಷ್ಟು ಬಟ್ಟೆ ತೂರಿಸಿದರೂ ತಿಳಿಯದ ಸಂಗತಿಗಳುಂಟು. ಅನಂತಪುರ ಸೀಮೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡು ಮಿತಿಮೀರಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ವರ್ಷಗಳು ಕಳೆದ ಮೇಲೆ ಮಕ್ಕಳ ಹಲ್ಲಿನ ಮೇಲೆ ಅದರ ಕಲೆ ಮೂಡುವುದು. ಹಿತ್ತಿಲಿನ ಕೊಳವೆಬಾವಿಯ ನೀರನ್ನು ಪರೀಕ್ಷಿಸಿ ತಿಳಿದ ಒಡೆಯನು ಮೌನವಾಗಿದ್ದರೆ, ನೋಡಬಂದವನ ಕಣ್ಣು ಎಷ್ಟು ಚುರುಕಾಗಿದ್ದರೇನು?

ಕಾಯಿದೆ ಈ ಭೇದವನ್ನು ಬಲ್ಲದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದಂತೆ, ಉದ್ದೇಶಿತ ಉಪಯೋಗಕ್ಕೆ ಸಂಬಂಧಿಸಿದ ಮುಖ್ಯ ದೋಷವು ಒಡೆಯನಿಗೆ ತಿಳಿದಿದ್ದು, ಹಿಡಿಯುವವನಿಗೆ ತಿಳಿಯದೆ, ಸಾಮಾನ್ಯ ಎಚ್ಚರದಿಂದಲೂ ಕಂಡುಬರುವಂತಿಲ್ಲದಿದ್ದರೆ, ಅದನ್ನು ಒಡೆಯನು ತಿಳಿಸಬೇಕು. ಹೊಣೆ ಏಕಮುಖವಲ್ಲ. ತಾನು ಪಡೆಯಲಿರುವ ಹಕ್ಕಿನ ಬೆಲೆಯನ್ನು ಬಹುವಾಗಿ ಹೆಚ್ಚಿಸುವ ಸಂಗತಿಯು ತನಗೆ ಗೊತ್ತಿದ್ದು ಒಡೆಯನಿಗೆ ಗೊತ್ತಿಲ್ಲದಿದ್ದರೆ ಹಿಡಿಯುವವನೂ ಹೇಳಬೇಕು. ಆದರೆ ಕರಾರಿನಲ್ಲಿಯೋ ಸ್ಥಳದ ರೂಢಿಯಲ್ಲಿಯೋ ಬೇರೆ ಮಾತಿದ್ದರೆ ಈ ನಿಯಮ ಹಿಂದೆ ಸರಿಯುವುದು. ಕರಾರುಪತ್ರ ತೆಲುಗಿನಲ್ಲಿದ್ದಾಗ ಅಕ್ಷರಗಳ ಹೋಲಿಕೆಯಿಂದ ಕನ್ನಡಿಗನು ಅದನ್ನು ಕೂಡಿಸಿ ಓದಿಯಾನು. ಓದಿದ್ದೆಲ್ಲ ಅರ್ಥವಾಯಿತೆಂದು ಭ್ರಮಿಸಬಾರದು. ಬಲ್ಲವರಿಂದ ಅರ್ಥ ತಿಳಿದ ಮೇಲೆಯೇ ಸಹಿ ಹಾಕಬೇಕು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಆ ಎರಡು ಕೊಠಡಿಗಳ ಬಾಡಿಗೆಯಿಂದಲೇ ಒಲೆ ಹೊತ್ತಿಸುವ ವೃದ್ಧೆಯೊಬ್ಬಳು ಒಡತಿಯಾಗಿದ್ದರೆ? ಮಾಳಿಗೆ ಸೋರುವುದೆಂದರೆ ಬಂದವರು ಹೊರಟುಹೋಗುವರು; ರಿಪೇರಿಗೆ ಅವಳಲ್ಲಿ ಹಣವಿಲ್ಲ. ಅವಳ ಮೌನವನ್ನು ವಂಚನೆಯೆನ್ನಲು ನಮ್ಮ ನಾಲಗೆ ಹಿಂಜರಿಯುವುದು. ಆ ಹಿಂಜರಿಕೆ ಯೋಗ್ಯವಾದುದೇ. ಆದರೂ ಲೆಕ್ಕವನ್ನು ಪೂರ್ತಿಯಾಗಿ ಹಾಕಬೇಕು. ನಿಜ ಹೇಳಿದರೆ ಬಾಡಿಗೆ ಕೊಂಚ ತಗ್ಗೀತು, ಇಲ್ಲವೆ ರಿಪೇರಿಯ ಖರ್ಚು ಬಾಡಿಗೆಯಲ್ಲಿ ವಜಾ ಆದೀತು. ಇಬ್ಬರೂ ಕುಳಿತು ಮಾತನಾಡಬಹುದಾದ ನಷ್ಟವದು. ಮೌನದ ಬೆಲೆಯನ್ನಾದರೋ ಆ ಮಾತುಕತೆಯಲ್ಲಿ ಇಲ್ಲದವರು ತೆರುವರು. ಸಹಿ ಹಾಕುವವನು ಒಬ್ಬ. ಚಾವಣಿಯ ಕೆಳಗೆ ಕೂಡುವ ಮಕ್ಕಳು ಅನೇಕರು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಹುಲ್ಲು ಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ತೀರಿಕೊಂಡರು. ಆ ಚಾವಣಿಯನ್ನು ದಿನವೂ ಕಂಡ ದೊಡ್ಡವರು ಎಷ್ಟೋ ಮಂದಿ. ಕಾಣುವುದೊಂದೇ ಸಾಲದೆಂಬುದಕ್ಕೆ ಇದಕ್ಕಿಂತ ಕಠೋರವಾದ ನಿದರ್ಶನ ಬೇಡ. ಪರರ ಪರವಾಗಿ ನೋಡುವವನಿಗೆ ‘ಸಾಮಾನ್ಯ ಎಚ್ಚರ’ ಸಾಲದು.

ಕಾಯಿದೆ ಹೆಸರಿಸದ ಇನ್ನೊಬ್ಬನಿದ್ದಾನೆ: ಮನೆ ಬಿಟ್ಟುಹೋಗುತ್ತಿರುವ ಹಳೆಯ ಬಾಡಿಗೆದಾರ. ಯಾವ ಮೂಲೆಯಲ್ಲಿ ಪಾತ್ರೆಯಿಟ್ಟು ಸೋರುವ ನೀರು ಹಿಡಿಯಬೇಕೆಂಬುದನ್ನು ಅವನಷ್ಟು ಬಲ್ಲವರಿಲ್ಲ. ಗಂಟು ಕಟ್ಟುವ ಗಡಿಬಿಡಿಯಲ್ಲಿ, ತನಗೇಕೆ ಊರ ಉಸಾಬರಿ ಎಂದು ಅವನು ಹೊರಟುಬಿಡುವನು. ಅವನ ಮೌನಕ್ಕೆ ದಂಡನೆಯಿಲ್ಲ, ಮಾತಿಗೆ ಲಾಭವಿಲ್ಲ. ದಂಡನೆಯೂ ಲಾಭವೂ ಇಲ್ಲದೆಡೆಯಲ್ಲಿ ಆಡಿದ ನಿಜವೇ ಧರ್ಮದ ನಿಜವಾದ ಅಳತೆ.

ಬಾಡಿಗೆ ಮನೆಗಳಲ್ಲಿ ಬಾಳುವ ನಾವೆಲ್ಲರೂ ಒಮ್ಮೆ ನೋಡಬರುವವರು, ಒಮ್ಮೆ ಬಿಟ್ಟುಹೋಗುವವರು. ಬರುವಾಗ ಯಾರಾದರೂ ಹೇಳಲಿ ಎಂದು ಬಯಸಿದ್ದನ್ನು ಹೋಗುವಾಗ ನಾವೇ ಹೇಳಿಹೋಗಬೇಕು. ಮುಂದಿನವನ ಕೈಗೆ ಬೀಗದ ಕೈಯೊಡನೆ ಅದೂ ಸೇರಲಿ.