ಒಲವಿನ ಪರಿವರ್ತನೆಯೂ ಧರ್ಮವಿವೇಕವೂ

ಕೆಲವು ವಾದಗಳು ಬಹುಕಾಲ ಮುಗಿಯದೆ ನಿಲ್ಲುವುದಕ್ಕೆ ಕಾರಣವೊಂದುಂಟು. ಬೇರೆ ಬೇರೆಯಾದ ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಭಾವಿಸಿ, ಒಂದರ ಉತ್ತರವನ್ನು ಮತ್ತೊಂದಕ್ಕೆ ಹೊಂದಿಸಲು ಹೊರಡುವುದೇ ಆ ಕಾರಣ. ಗಂಡಿಗೆ ಗಂಡಿನಲ್ಲಿ, ಹೆಣ್ಣಿಗೆ ಹೆಣ್ಣಿನಲ್ಲಿ ಉಂಟಾಗುವ ಅನುರಾಗವನ್ನು ಚಿಕಿತ್ಸೆಯಿಂದಲೋ ಪ್ರಾರ್ಥನೆಯಿಂದಲೋ ಬದಲಿಸಬಹುದೆ, ಬದಲಿಸಬೇಕೆ ಎಂಬ ವಾದವು ಇದಕ್ಕೆ ನಿದರ್ಶನ. ಇದು ನಮ್ಮ ಮನೆಗಳಲ್ಲಿ ಗಟ್ಟಿಯಾಗಿ ಆಡದ ಮಾತು. ಆದರೆ ಆಡದ ಮಾತ್ರಕ್ಕೆ ಇಲ್ಲವಾಗದು. ಮಗನೋ ಮಗಳೋ ಇಂಥ ಒಲವುಳ್ಳವರೆಂದು ತಿಳಿದ ದಿನ ತಂದೆತಾಯಿಗಳು ಮೊದಲು ಕೇಳುವುದು ‘ಇದಕ್ಕೆ ಮದ್ದುಂಟೆ?’ ಎಂದು, ಆಮೇಲೆ ನಿಶ್ಚಯಿಸುವುದು ‘ಮದುವೆ ಮಾಡಿದರೆ ಸರಿಹೋದೀತು’ ಎಂದು. ಆದುದರಿಂದ ಗೃಹಸ್ಥರಾದವರು ಲಜ್ಜೆಯನ್ನು ಬದಿಗಿರಿಸಿ ಈ ವಿಷಯವನ್ನು ಶಾಂತಚಿತ್ತದಿಂದ ವಿಚಾರಿಸುವುದು ಯುಕ್ತವಾಗಿದೆ.

ಈ ಒಂದು ವಾದದೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಈ ಒಲವು ರೋಗವೆ? ಪ್ರಯತ್ನದಿಂದ ಅದನ್ನು ಬದಲಿಸಲು ಸಾಧ್ಯವೆ? ಬದಲಿಸಿಕೊಳ್ಳೆಂದು ಮತ್ತೊಬ್ಬರನ್ನು ನಿರ್ಬಂಧಿಸುವುದು ಧರ್ಮವೆ? ಮೊದಲ ಎರಡು ಪರೀಕ್ಷೆಯಿಂದ ತಿಳಿಯಬೇಕಾದವು. ಆದುದರಿಂದ ವೈದ್ಯವಿಜ್ಞಾನದ ಪಾಲಿಗೆ ಸೇರಿದವು. ಮೂರನೆಯದು ನೀತಿಗೆ ಸೇರಿದುದು. ಪ್ರತ್ಯಕ್ಷದಿಂದ ನಿರ್ಣಯಿಸಬೇಕಾದ ವಿಷಯದಲ್ಲಿ ಶಬ್ದಪ್ರಮಾಣವನ್ನು ಮುಂದಿಡಬಾರದೆಂಬುದು ನಮ್ಮ ಪ್ರಾಚೀನ ಶಾಸ್ತ್ರಕಾರರಿಗೂ ಸಮ್ಮತವಾದ ಮಾತು. ಹಾಗೆಯೇ, ‘ಇದು ಹೀಗಿದೆ’ ಎಂದು ತೋರಿಸಬಲ್ಲ ವಿಜ್ಞಾನವು ‘ಹೀಗೆ ಮಾಡತಕ್ಕದ್ದು’ ಎಂದು ತಾನಾಗಿ ವಿಧಿಸಲಾರದು. ಈ ಮೇರೆಯನ್ನು ಮರೆತುದರಿಂದಲೇ ಗೊಂದಲವು ಬೆಳೆಯಿತು.

ಮೊದಲನೆಯ ಪ್ರಶ್ನೆಗೆ ವೈದ್ಯಲೋಕವು ಈಗ ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. 1935ರಲ್ಲಿ ಅಮೆರಿಕದ ತಾಯಿಯೊಬ್ಬರು ತಮ್ಮ ಮಗನ ವಿಷಯವಾಗಿ ಮನೋವಿಶ್ಲೇಷಣ ಶಾಸ್ತ್ರದ ಪ್ರವರ್ತಕರಾದ ಸಿಗ್ಮಂಡ್ ಫ್ರಾಯ್ಡರಿಗೆ ಕಾಗದ ಬರೆದರು. ಇದು ನಾಚಿಕೆಪಡತಕ್ಕ ದುರ್ಗುಣವಲ್ಲ, ಇದನ್ನು ರೋಗವೆಂದು ಎಣಿಸಲಾಗದು, ಬದಲಿಸಿಕೊಡುತ್ತೇನೆಂದು ಸಾಮಾನ್ಯವಾಗಿ ಭರವಸೆ ಕೊಡಲಾಗದು ಎಂಬುದು ಅವರ ಉತ್ತರದ ಸಾರಾಂಶ. ಆದರೂ ಮುಂದೆ ಹಲವು ದಶಕಗಳ ಕಾಲ ಪಶ್ಚಿಮದ ವೈದ್ಯರೇ ಇದನ್ನು ರೋಗಗಳ ಪಟ್ಟಿಯಲ್ಲಿರಿಸಿ, ವಿದ್ಯುದಾಘಾತ, ವಾಂತಿ ಬರಿಸುವ ಔಷಧ ಮುಂತಾದ ಕಠೋರ ಉಪಾಯಗಳನ್ನು ಪ್ರಯೋಗಿಸಿದರು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಪಟ್ಟಿಯಿಂದ ಇದನ್ನು ತೆಗೆದುಹಾಕಿತು. 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆಯೇ ಮಾಡಿತು. ಇದು ರೋಗವಲ್ಲವೆಂದು ಭಾರತೀಯ ಮನೋವೈದ್ಯರ ಸಂಘವು 2018ರಲ್ಲಿ ಸಾರಿತು.

ಎರಡನೆಯ ಪ್ರಶ್ನೆಯ ವಾದವು ಅತ್ಯಂತ ತೀವ್ರವಾಗಿ ನಡೆದುದು ಅಮೆರಿಕದಲ್ಲಿ. ಅಲ್ಲಿ 1976ರಲ್ಲಿ ಎಕ್ಸೊಡಸ್ ಎಂಬ ಕ್ರೈಸ್ತ ಒಕ್ಕೂಟವೊಂದು ಹುಟ್ಟಿತು. ಪ್ರಾರ್ಥನೆ, ಉಪದೇಶ, ಸತ್ಸಂಗಗಳಿಂದ ಈ ಒಲವಿನಿಂದ ಬಿಡುಗಡೆ ಹೊಂದಬಹುದೆಂಬುದು ಅದರ ಸಂದೇಶ. ಈ ಪಕ್ಷಕ್ಕೆ ವಿಜ್ಞಾನದ ಬೆಂಬಲವೂ ದೊರೆತಂತೆ ಒಮ್ಮೆ ಕಂಡಿತು. 1973ರ ನಿರ್ಣಯದಲ್ಲಿ ಪ್ರಮುಖ ಪಾತ್ರ ವಹಿಸಿದ್ದ ಮನೋವೈದ್ಯ ರಾಬರ್ಟ್ ಸ್ಪಿಟ್ಜರ್ ಎಂಬವರೇ, ತಾವು ಬದಲಾದೆವೆಂದು ಹೇಳಿಕೊಂಡ 200 ಮಂದಿಯನ್ನು ದೂರವಾಣಿಯಲ್ಲಿ ಪ್ರಶ್ನಿಸಿ, ಕೆಲವರಲ್ಲಿ ಪರಿವರ್ತನೆ ಸಾಧ್ಯವೆಂದು 2003ರಲ್ಲಿ ಲೇಖನ ಪ್ರಕಟಿಸಿದರು. ಪರಿವರ್ತನವಾದಿಗಳು ಅದನ್ನು ಎಲ್ಲೆಡೆಯೂ ಉದಾಹರಿಸಿದರು.

ಮುಂದೆ ನಡೆದುದು ವಿಚಾರಾರ್ಹ. 2012ರಲ್ಲಿ, ತಮ್ಮ 80ನೆಯ ವಯಸ್ಸಿನ ಸಮೀಪದಲ್ಲಿ, ಸ್ಪಿಟ್ಜರ್ ಅದೇ ಪತ್ರಿಕೆಯಲ್ಲಿ ಕ್ಷಮಾಪಣೆ ಬರೆದರು. ‘ಬದಲಾದೆ’ ಎಂದವನ ಮಾತು ನಿಜವೋ, ಆತ್ಮವಂಚನೆಯೋ ಎಂದು ಅಳೆಯುವ ಯಾವ ಸಾಧನವೂ ತಮ್ಮ ಅಧ್ಯಯನದಲ್ಲಿರಲಿಲ್ಲವೆಂದು ಒಪ್ಪಿಕೊಂಡರು. ಅದನ್ನು ನಂಬಿ ಕಾಲವನ್ನೂ ಶಕ್ತಿಯನ್ನೂ ಕಳೆದುಕೊಂಡವರ ಕ್ಷಮೆ ಬೇಡಿದರು. ಮರುವರ್ಷ, 2013ರಲ್ಲಿ, ಎಕ್ಸೊಡಸ್ ಒಕ್ಕೂಟವು ತಾನಾಗಿಯೇ ಮುಚ್ಚಿತು. ತಾನು ಕಂಡವರಲ್ಲಿ ಬಹುಪಾಲು ಜನರ ಒಲವು ಬದಲಾಗಲಿಲ್ಲವೆಂದು ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ಅದಾಗಲೇ ಹೇಳಿದ್ದರು. ತಮ್ಮಲ್ಲಿಯೇ ಉಳಿದಿದ್ದ ಒಲವನ್ನು ಹಲವು ವರ್ಷ ಹೇಳದೆ ಮರೆಮಾಡಿದ್ದನ್ನೂ ಆಗ ಬಹಿರಂಗವಾಗಿ ಒಪ್ಪಿಕೊಂಡರು. ಅವರು ತಮ್ಮ ದೇವರನ್ನು ಬಿಡಲಿಲ್ಲ. ದೇವರ ಹೆಸರಿನಲ್ಲಿ ಕೊಟ್ಟ ಸುಳ್ಳು ಭರವಸೆಯನ್ನು ಬಿಟ್ಟರು. ಈ ಭೇದವನ್ನು ಭಕ್ತರಾದವರು ಚೆನ್ನಾಗಿ ಗಮನಿಸಬೇಕು.

ಇಲ್ಲಿ ವಿಜ್ಞಾನದ ಮಿತಿಯನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಅಮೆರಿಕದ ಮನಃಶಾಸ್ತ್ರಜ್ಞರ ಸಂಘವು 1960ರಿಂದ 2007ರವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2009ರಲ್ಲಿ ಕೊಟ್ಟ ವರದಿಯು, ಇಂಥ ಚಿಕಿತ್ಸೆಗಳು ಫಲಿಸುತ್ತವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲ, ಹಾನಿಯ ಸಂಭವವುಂಟು ಎಂದು ಅಳೆದು ತೂಗಿ ನುಡಿಯಿತು. ರೋಗಿಯ ಧರ್ಮಶ್ರದ್ಧೆಯನ್ನು ಹೀಗಳೆಯದೆ ಗೌರವಿಸಬೇಕೆಂದೂ ಹೇಳಿತು. ಒಲವಿನ ಮೂಲಕಾರಣವು ಇನ್ನೂ ಪೂರ್ಣವಾಗಿ ತಿಳಿದಿಲ್ಲ. ಸುಮಾರು 5 ಲಕ್ಷ ಜನರ ವಂಶವಾಹಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಇದರ ಕಾರಣವೆನ್ನಬಹುದಾದ ಒಂದೇ ವಂಶವಾಹಿ ಕಾಣಲಿಲ್ಲ. ಕೆಲವರ ಒಲವು ಆಯುಷ್ಯದಲ್ಲಿ ತಾನಾಗಿಯೇ ವ್ಯತ್ಯಾಸ ಹೊಂದುವುದೂ ಉಂಟು. ಆದರೆ ಋತುವು ತಾನಾಗಿ ತಿರುಗುವುದು ಬೇರೆ, ಋತುವನ್ನು ತಿರುಗಿಸುತ್ತೇನೆಂದು ದಕ್ಷಿಣೆ ಪಡೆಯುವುದು ಬೇರೆ.

ಇನ್ನು ಮೂರನೆಯ ಪ್ರಶ್ನೆ. ‘ಬದಲಿಸಲಾಗದು, ಆದುದರಿಂದ ಬಿಟ್ಟುಬಿಡಿ’ ಎಂದು ಅನೇಕ ಸಜ್ಜನರು ವಾದಿಸುತ್ತಾರೆ. ಅವರ ಅಂತಃಕರಣ ಒಳ್ಳೆಯದು; ಆದರೆ ಈ ವಾದದ ಬುನಾದಿ ಸಾಲದು. ನಾಳೆ ಯಾವನೋ ವೈದ್ಯನು ಬದಲಿಸುವ ಔಷಧವನ್ನು ಕಂಡುಹಿಡಿದರೆ ಆಗ ನಿರ್ಬಂಧಿಸುವುದು ಧರ್ಮವಾದೀತೆ? ಎಡಗೈಯಲ್ಲಿ ಬರೆಯುವ ಬಾಲಕರನ್ನು ಹಿಂದೆ ಶಾಲೆಗಳಲ್ಲಿ ಗದರಿಸಿ ಹೊಡೆದು ಬಲಗೈಗೆ ತಿರುಗಿಸುತ್ತಿದ್ದರು. ಎಷ್ಟೋ ಮಕ್ಕಳು ಬಲಗೈಯಲ್ಲಿ ಬರೆಯುವುದನ್ನು ಕಲಿತದ್ದೂ ನಿಜ. ಸಾಧ್ಯವಾಯಿತೆಂಬುದರಿಂದ ಆ ಏಟು ನ್ಯಾಯವಾಗಲಿಲ್ಲ. ಎಡಗೈಯವನು ಯಾರಿಗೂ ಕೇಡು ಮಾಡಿರಲಿಲ್ಲವೆಂಬುದೇ ನ್ಯಾಯದ ಮಾತು. ಸಾಧ್ಯಾಸಾಧ್ಯತೆಯು ಒಂದು, ಯುಕ್ತಾಯುಕ್ತತೆಯು ಮತ್ತೊಂದು.

ಧರ್ಮನಿಷ್ಠರು ಇಲ್ಲಿ ಒಂದು ಆಕ್ಷೇಪವನ್ನು ತರಬಹುದು: ಕಾಮವು ಅರಿಷಡ್ವರ್ಗದಲ್ಲಿ ಒಂದಲ್ಲವೆ? ಅದನ್ನು ಗೆಲ್ಲುವುದನ್ನೇ ಅಲ್ಲವೆ ಧರ್ಮವು ಬೋಧಿಸುವುದು? ಉತ್ತಮವಾದ ಪ್ರಶ್ನೆ. ಆದರೆ ಕಾಮಜಯದ ಉಪದೇಶವು ಎಲ್ಲರಿಗೂ ಸಮಾನವಾದುದು. ಹೆಣ್ಣನ್ನು ಒಲಿಯುವ ಪುರುಷನಿಗೆ ಧರ್ಮವು ‘ಒಲಿಯದಿರು’ ಎನ್ನುವುದಿಲ್ಲ. ವಂಚಿಸಬೇಡ, ಬಲಾತ್ಕರಿಸಬೇಡ, ಕೈಹಿಡಿದವಳಿಗೆ ನಿಷ್ಠನಾಗಿರು ಎನ್ನುತ್ತದೆ. ಒಲವು ತಾನಾಗಿ ಬಂದುದು, ನಡೆಯು ನಾವು ಆಯ್ದುದು. ಪಾಪಪುಣ್ಯಗಳ ವಿಚಾರ ನಡೆಯಲ್ಲಿದೆ. ಸತ್ಯ, ಅಹಿಂಸೆ, ನಿಷ್ಠೆ ಎಂಬ ಅಳತೆಗೋಲನ್ನೇ ಎಲ್ಲರಿಗೂ ಹಿಡಿಯತಕ್ಕದ್ದು. ಒಬ್ಬನು ತನ್ನ ಶ್ರದ್ಧೆಯಿಂದ ಸ್ವೇಚ್ಛೆಯಾಗಿ ಬ್ರಹ್ಮಚರ್ಯವನ್ನು ಕೈಕೊಂಡರೆ ಅದು ಅವನ ವ್ರತ, ಯಾರೂ ಹಾಸ್ಯಮಾಡಲಾಗದು. ಆದರೆ ಹೊರಗಿನಿಂದ ಹೇರಿದ ವ್ರತವು ವ್ರತವಲ್ಲ, ದಂಡನೆ. ಅದರ ಘೋರರೂಪವನ್ನು ಇಂಗ್ಲೆಂಡಿನಲ್ಲಿ ಕಂಡೆವು. ಎರಡನೆಯ ಮಹಾಯುದ್ಧದಲ್ಲಿ ಶತ್ರುವಿನ ಗೂಢಲಿಪಿಯನ್ನು ಭೇದಿಸಲು ನೆರವಾದ ಗಣಿತಜ್ಞ ಅಲನ್ ಟ್ಯೂರಿಂಗರನ್ನು 1952ರಲ್ಲಿ ಇದೇ ಕಾರಣಕ್ಕೆ ಅಪರಾಧಿಯೆಂದು ತೀರ್ಮಾನಿಸಿ, ಸೆರೆಮನೆಗೆ ಬದಲಾಗಿ ಹಾರ್ಮೋನು ಚಿಕಿತ್ಸೆಗೆ ಒಳಪಡಿಸಿದರು. 1954ರಲ್ಲಿ ಅವರು ತೀರಿಕೊಂಡರು. ರಾಜಕ್ಷಮೆ ದೊರೆತದ್ದು 2013ರಲ್ಲಿ.

ಅಂಥದೇ ಆಂಗ್ಲ ಕಾನೂನು ನಮ್ಮ ದೇಶದಲ್ಲಿಯೂ ದಂಡಸಂಹಿತೆಯ 377ನೆಯ ವಿಧಿಯಾಗಿ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. ಪ್ರಾಪ್ತವಯಸ್ಕರು ಪರಸ್ಪರ ಸಮ್ಮತಿಯಿಂದ ಹೊಂದುವ ಸಂಬಂಧಕ್ಕೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. 2021ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಆನಂದ ವೆಂಕಟೇಶರು, ಇಂಥ ಮೊಕದ್ದಮೆಯೊಂದು ಎದುರಿಗೆ ಬಂದಾಗ, ತಾವೇ ಮನಃಶಾಸ್ತ್ರಜ್ಞರೊಬ್ಬರ ಬಳಿ ಕುಳಿತು ವಿಷಯವನ್ನು ತಿಳಿದುಕೊಂಡು, ಅನಂತರ ಒಲವನ್ನು ಬದಲಿಸುವ ಚಿಕಿತ್ಸೆಗಳನ್ನು ನಿಷೇಧಿಸಿ ಆದೇಶವಿತ್ತರು. ತೀರ್ಪುಗಾರನು ಮೊದಲು ವಿದ್ಯಾರ್ಥಿಯಾದುದು ಮಾದರಿಯಾದ ನಡತೆ. ಆ ಆದೇಶದ ಫಲವಾಗಿ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಇಂಥ ಚಿಕಿತ್ಸೆಯನ್ನು ವೈದ್ಯರ ವೃತ್ತಿದುರ್ನಡತೆಯೆಂದು ಘೋಷಿಸಿತು.

ಆದರೆ ನಮ್ಮಲ್ಲಿ ಪರಿವರ್ತನೆಯ ಚಿಕಿತ್ಸಾಲಯವು ಆಸ್ಪತ್ರೆಗಿಂತ ಹೆಚ್ಚಾಗಿ ಮದುವೆಯ ಹಂದರವೇ ಆಗಿದೆ. ಅಲ್ಲಿಗೆ ಯಾವ ಆಯೋಗದ ಆಜ್ಞೆಯೂ ತಲುಪಲಾರದು. ಮಗನ ಮನಸ್ಸನ್ನು ಬಲ್ಲ ತಂದೆತಾಯಿಗಳು, ಹೆಣ್ಣಿನ ಕಡೆಯವರಿಗೆ ಒಂದು ಮಾತೂ ತಿಳಿಸದೆ ಧಾರೆಯೆರೆಸಿಕೊಳ್ಳುತ್ತಾರೆ. ಇಲ್ಲಿ ಔಷಧವಾದವಳು ಯಾರು? ಮತ್ತೊಬ್ಬರ ಮನೆಯಲ್ಲಿ ಮುದ್ದಿನಿಂದ ಬೆಳೆದು ಬಂದ ಕನ್ಯೆ. ಗುರುಹಿರಿಯರ ಸಮಕ್ಷಮ ಕೈಹಿಡಿದವನು ತನ್ನತ್ತ ಏಕೆ ಒಲಿಯನೆಂದು ತಿಳಿಯದೆ, ತನ್ನಲ್ಲೇ ಏನೋ ದೋಷವಿದೆಯೆಂದು ಆಕೆ ಆಯುಷ್ಯವನ್ನು ಸವೆಯಿಸುತ್ತಾಳೆ. ಇಷ್ಟವಿಲ್ಲದ ಮದುವೆಗೆ ಒಪ್ಪಿಸಿದ ಮಗಳ ಪಾಡೂ ಇಷ್ಟೇ. ಒಂದು ಒಲವನ್ನು ಪಾಪವೆಂದು ಭಾವಿಸಿ ಅದನ್ನು ತೊಳೆಯಲು ಹೊರಟವರು, ನಿಸ್ಸಂದೇಹವಾದ ಎರಡು ಪಾಪಗಳನ್ನು ಮಾಡಿದಂತಾಯಿತು: ಅಸತ್ಯ ಒಂದು, ನಿರಪರಾಧಿಯ ಹಿಂಸೆ ಎರಡು.

ಶರಣರ ಕಾಲದಲ್ಲಿ ಈ ಪ್ರಶ್ನೆಯು ಇಂದಿನ ರೂಪದಲ್ಲಿ ಎದ್ದಿರಲಿಲ್ಲ. ಅವರ ಮಾತಿನಲ್ಲಿ ನೇರವಾದ ತೀರ್ಪನ್ನು ಹುಡುಕಿ ನಮ್ಮ ಪಕ್ಷಕ್ಕೆ ಎಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ಜೇಡರ ದಾಸಿಮಯ್ಯನವರು ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದುದು ಕೂಡ ಬೇರೆ ಸಂದರ್ಭದ ಮಾತು. ಆದರೆ ನಡೆನುಡಿಗಳು ಒಂದಾಗಬೇಕು, ದಯೆಯಿಲ್ಲದ ಧರ್ಮವು ಧರ್ಮವೇ ಅಲ್ಲ ಎಂಬ ಎರಡು ತತ್ತ್ವಗಳು ಎಲ್ಲ ಕಾಲಕ್ಕೂ ಸಲ್ಲತಕ್ಕವು. ಮನೆಯ ಮಗನು ಒಂದನ್ನು ಅನುಭವಿಸಿ ಮತ್ತೊಂದನ್ನು ನಟಿಸುವಂತೆ ಮಾಡಿದರೆ ಮೊದಲನೆಯ ತತ್ತ್ವಕ್ಕೆ ಭಂಗ. ಅವನನ್ನು ಹೊರದೂಡಿದರೆ ಎರಡನೆಯದಕ್ಕೆ.

ಈ ಒಲವನ್ನು ಮನಸ್ಸು ಒಪ್ಪದ ಹಿರಿಯರು ಇರಬಹುದು. ಅವರ ಅಭಿಪ್ರಾಯವನ್ನು ಬಲವಂತದಿಂದ ಬದಲಿಸಹೊರಡುವುದೂ ತಕ್ಕುದಲ್ಲ. ಆದರೆ ಒಪ್ಪುವವರಿಗೂ ಒಪ್ಪದವರಿಗೂ ಕರ್ತವ್ಯ ಒಂದೇ. ಬದಲಿಸಿಕೊಡುತ್ತೇನೆನ್ನುವವನು ವೈದ್ಯನಾಗಲಿ, ಮಂತ್ರವಾದಿಯಾಗಲಿ, ಕಾವಿಯುಟ್ಟವನಾಗಲಿ, ಅವನ ಬಾಗಿಲಿಗೆ ಮಕ್ಕಳನ್ನು ಒಯ್ಯದಿರುವುದು. ಅರಿಯದ ಹೆಣ್ಣನ್ನಾಗಲಿ ಗಂಡನ್ನಾಗಲಿ ಮದ್ದನ್ನಾಗಿ ಮನೆಗೆ ತಾರದಿರುವುದು. ಮನಸ್ಸು ಬಿಚ್ಚಿ ನಿಜವನ್ನು ಹೇಳಿದ ಮಗುವಿಗೆ ಆ ರಾತ್ರಿಯೂ ಎಂದಿನಂತೆ ಪಕ್ಕದಲ್ಲಿ ಕೂರಿಸಿಕೊಂಡು ಉಣಬಡಿಸುವುದು. ಸದ್ಗೃಹಸ್ಥರು ಇಷ್ಟನ್ನು ನಡೆಸಿದರೆ, ಉಳಿದ ವಾದವು ಪಂಡಿತರಲ್ಲಿ ಎಷ್ಟು ಕಾಲ ನಡೆದರೂ, ನಮ್ಮ ಮನೆಗಳಲ್ಲಿ ಯಾವ ಜೀವಕ್ಕೂ ಅನ್ಯಾಯವಾಗದು.