ಕೈಗೆಟುಕದ ನೀರು

ಗೋವಾದ ಮಾಪುಸಾ ಪೇಟೆಯಲ್ಲಿ ಶುಕ್ರವಾರದ ಸಂತೆ. ಮೇ ತಿಂಗಳ ಸೆಕೆಗೆ ಬೆಳಿಗ್ಗೆಯ ಹಾಲು ಸಂಜೆಗೆ ಒಡೆಯುತ್ತದೆ, ಮೀನಿಗಂತೂ ಮಂಜುಗಡ್ಡೆ ಬೇಕೇ ಬೇಕು. ಅದೇ ಸೆಕೆಯಲ್ಲಿ ಹೆಂಗಸರು ಕೆಂಪನೆಯ ಚೋರಿಸ್ ಮಾಲೆಗಳನ್ನು ಬಯಲಲ್ಲೇ ಇಟ್ಟು ಮಾರುತ್ತಾರೆ. ಕರುಳಿನೊಳಗೆ ತುಂಬಿ, ದಾರದಿಂದ ಗಂಟುಗಂಟಾಗಿ ಬಿಗಿದ ಹಂದಿಮಾಂಸ ಅದು. ಇನ್ನೇನು ಮಳೆ ಬರಲಿದೆ ಎನ್ನುವಾಗ ಗೋವಾದ ಮನೆಗಳು ಕೊಂಡಿಡುವ ಪುರುಮೆಂತ್ ಸಾಮಾನಿನಲ್ಲಿ ಒಣಮೀನಿನ ಜತೆ ಇದೂ ಇರುತ್ತದೆ. ನಮ್ಮ ಕರಾವಳಿಯ ಭರಣಿಗಳಲ್ಲಿ ಉಪ್ಪುಸೊಳೆ, ಮಾವಿನಮಿಡಿ ಕಾದಿರುವ ಹಾಗೆ.

ಹಸಿಮಾಂಸ ಒಂದು ದಿನ ತಾಳದ ಊರಿನಲ್ಲಿ ಇದು ಹೇಗೆ ತಿಂಗಳುಗಟ್ಟಲೆ ಉಳಿಯುತ್ತದೆ?

1510ರಲ್ಲಿ ಗೋವಾವನ್ನು ಹಿಡಿದು, ಚೋರಿಸ್ ಮಾಡುವ ರೂಢಿಯನ್ನು ತಂದ ಪೋರ್ಚುಗೀಸರಿಗೆ ತಮ್ಮ ನಾಡಿನಲ್ಲಿ ಮಾಂಸ ಒಣಗಿಸುತ್ತಿದ್ದ ಚಳಿಗಾಳಿ ಇಲ್ಲಿ ಸಿಗಲಿಲ್ಲ. ಸಿಕ್ಕದ್ದು ತೆಂಗಿನ ಕಳ್ಳು ಹುಳಿತು ಆದ ವಿನೆಗರ್, ಉರಿಬಿಸಿಲು, ಅಡುಗೆಮನೆಯ ಹೊಗೆ. ಅಮೆರಿಕದ ಮೆಣಸಿನಕಾಯಿಯನ್ನು ಅವರೇ ತಂದರು. ಉಪ್ಪು, ಬೆಳ್ಳುಳ್ಳಿ, ಶುಂಠಿ ಸೇರಿದವು. ಚೋರಿಸ್‌ನಲ್ಲಿರುವ ಅಳತೆಯಲ್ಲಿ ಇವುಗಳಲ್ಲಿ ಯಾವ ಒಂದಕ್ಕೂ ತಾನೊಂದೇ ಮಾಂಸವನ್ನು ಕಾಯುವ ಶಕ್ತಿಯಿಲ್ಲ. ಎಲ್ಲ ಕೂಡಿದಾಗ ಇದೆ. ಜರ್ಮನಿಯ ಮಾಂಸವಿಜ್ಞಾನಿ ಲೋಥರ್ ಲೈಸ್ಟ್ನರ್ ಇಪ್ಪತ್ತನೆಯ ಶತಮಾನದಲ್ಲಿ ಇದನ್ನೇ 'ಹರ್ಡಲ್' ತತ್ವವಾಗಿ ವಿವರಿಸಿದರು: ಒಂದು ಅಡ್ಡಿಯನ್ನು ದಾಟಿದ ಸೂಕ್ಷ್ಮಜೀವಿ ಮುಂದಿನದರಲ್ಲಿ ಸೋಲುತ್ತದೆ.

ನನ್ನನ್ನು ಬೆರಗಾಗಿಸುವುದು ನೀರಿನ ಸಂಗತಿ. ಹಸಿಮಾಂಸದ ಜಲಚಟುವಟಿಕೆ, ಅಂದರೆ ಸೂಕ್ಷ್ಮಜೀವಿಗಳಿಗೆ ಎಟುಕುವ ನೀರಿನ ಅಳತೆ, ಸುಮಾರು 0.99. ಅದು 0.91ಕ್ಕಿಂತ ಕೆಳಗಿಳಿದರೆ ಕೊಳೆಸುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಬೆಳೆಯಲಾರವು. ಚೋರಿಸ್‌ನಲ್ಲಿ ನೀರು ಪೂರ್ತಿ ಬತ್ತಿರುವುದಿಲ್ಲ, ಅಮುಕಿದರೆ ಇನ್ನೂ ಮೆತ್ತಗಿರುತ್ತದೆ. ಉಳಿದ ನೀರನ್ನು ಉಪ್ಪು ಹಿಡಿದಿಟ್ಟಿದೆ, ಅಷ್ಟೇ. ಜೀವಾಣುಗಳೂ ಎಲ್ಲ ಸತ್ತಿಲ್ಲ. ಸುತ್ತ ನೀರಿದ್ದೂ ಕುಡಿಯಲಾಗದೆ ಸುಮ್ಮನಿವೆ. ಕೊಲ್ಲದೆಯೇ ಕಾಪಾಡುವ ಈ ಬಗೆಯನ್ನು ಪ್ರಯೋಗಾಲಯ ಕಾಣದ ಕೈಗಳು ಕಂಡುಕೊಂಡವು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ.

ಇಂದು ಗೋವಾದ ಅಂಗಡಿಗಳಲ್ಲಿ ಚೋರಿಸ್ ಮುದ್ರೆಯೊತ್ತಿದ ಪ್ಲಾಸ್ಟಿಕ್ ಪೊಟ್ಟಣಗಳಲ್ಲೂ ಸಿಗುತ್ತದೆ. ದೂರದೂರಿಗೆ ಒಯ್ಯುವವರಿಗೆ ಅದು ಅನುಕೂಲವೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಬಿಸಿಲಿನ ದಿನಗಳನ್ನು ಕಡಿಮೆ ಮಾಡಿದ ಚೋರಿಸ್‌ಗೆ ಫ್ರಿಜ್ ಬೇಕಾಗುತ್ತದೆ. ಉಪ್ಪು, ವಿನೆಗರ್ ಎಷ್ಟೇ ಸುರಿದರೂ ಒಣಗಲು ಬೇಕಾದ ಹೊತ್ತನ್ನು ಬೇಗ ಮುಗಿಸಲಾಗದು. ಸಂತೆಯ ಆ ಹೆಂಗಸರು ಮಾಲೆಗೆ ಕೇಳುವ ಬೆಲೆಯಲ್ಲಿ ಮಾಂಸದ ಜತೆಗೆ ಆ ಕಾಯುವಿಕೆಯ ಕೂಲಿಯೂ ಇದೆ. ಅದನ್ನು ಚೌಕಾಸಿ ಮಾಡಲು ನನಗೆ ಮನಸ್ಸು ಬಾರದು.