ಟೈಲ್ಸ್ ಹಿಂದಿನ ಕೆಲಸ

ಬಾತ್‌ರೂಮಿನಲ್ಲಿ ಕಣ್ಣಿಗೆ ಕಾಣೋದು ಲೋಹ: ನಲ್ಲಿ, ಷವರ್, ಆಂಗಲ್ ಕಾಕ್. ಗೋಡೆಯೊಳಗೆ ಓಡೋದು ಪ್ಲಾಸ್ಟಿಕ್ಕು, ಈಗಿನ ಮನೆಗಳಲ್ಲಿ ಹೆಚ್ಚಾಗಿ ಕೆನೆ ಬಣ್ಣದ ಸಿಪಿವಿಸಿ ಪೈಪು. ಇವೆರಡೂ ಸೇರುವ ಜಾಗ ಹೆಬ್ಬೆರಳಿನಷ್ಟು. ಗೋಡೆ ಒದ್ದೆಯಾದರೆ ಮೊದಲು ಅನುಮಾನಪಡಬೇಕಾದ್ದು ಅದನ್ನೇ.

ಜಿಐ ಪೈಪಿನ ಕಾಲದಲ್ಲಿ ಸಣಬು ಸುತ್ತಿ, ರೆಂಚ್ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಬಿಟ್ಟು ತಿರುಗಿಸುತ್ತಿದ್ದರು. ಕಬ್ಬಿಣ ತಡ್ಕೊಳ್ತಿತ್ತು. ಪ್ಲಾಸ್ಟಿಕ್ ತಡೆಯೋದಿಲ್ಲ. ಅದಕ್ಕೇ ನಲ್ಲಿ ಕೂರುವ ಕಡೆ ಹಿತ್ತಾಳೆಯ ತ್ರೆಡ್ ಇರುವ ಫಿಟ್ಟಿಂಗ್ ಹಾಕಬೇಕು. ಬರೀ ಪ್ಲಾಸ್ಟಿಕ್‌ನದ್ದಕ್ಕಿಂತ ದುಬಾರಿ. ಟೆಫ್ಲಾನ್ ಟೇಪನ್ನು ತ್ರೆಡ್ ತಿರುಗುವ ದಿಕ್ಕಿಗೇ ಸುತ್ತಬೇಕು. ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಒಂದೆರಡು ಸುತ್ತು, ಸಾಕು. ಅಂಟಿಸುವ ಕಡೆಯಾದರೆ ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಚೂರು ಕೆರೆದು, ಸಾಲ್ವೆಂಟ್ ಸವರಿ, ಕಾಲು ಸುತ್ತು ತಿರುಗಿಸುತ್ತಾ ಒಳಗೆ ತಳ್ಳಿ ಅರ್ಧ ನಿಮಿಷ ಹಿಡಿದಿರಬೇಕು. ಆಮೇಲೆ ಅದನ್ನು ಬಿಚ್ಚಕ್ಕಾಗಲ್ಲ, ಕತ್ತರಿಸಬೇಕಷ್ಟೆ.

ಇಷ್ಟುದ್ದ ಯಾಕೆ ಹೇಳ್ತಿದೀನಿ ಅಂದ್ರೆ, ಟೈಲ್ಸ್ ಹಾಕಿದ ಮೇಲೆ ಇದ್ಯಾವುದೂ ಕಾಣಲ್ಲ. ಅರ್ಧ ನಿಮಿಷ ಹಿಡಿದನೋ, ಐದು ಸೆಕೆಂಡಿಗೆ ಬಿಟ್ಟನೋ, ಅವನೊಬ್ಬನಿಗೇ ಗೊತ್ತು. ನೀರು ಇಳಿಯೋದು ಎಷ್ಟೋ ತಿಂಗಳ ಮೇಲೆ, ಅದೂ ಕೆಳಗಿನ ಫ್ಲಾಟಿನವರ ಸೀಲಿಂಗಿಗೆ. ಹಾಗಾದರೆ ಯಾರೂ ನೋಡದ ಕೆಲಸವನ್ನು ಸರಿಯಾಗಿ ಯಾಕೆ ಮಾಡಬೇಕು?

ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇದಕ್ಕೆ ಸಿದ್ಧ ಉತ್ತರ ಸಿಗುತ್ತೆ: "ಈಗಿನವರಿಗೆ ಆತ್ಮಸಾಕ್ಷಿನೇ ಇಲ್ಲ ಬಿಡಿ." ಕೇಳಿದಾಗಲೆಲ್ಲ ನನಗೆ ಕಿರಿಕಿರಿ. ಹೇಳುವವರು ಬಹುತೇಕ ನನ್ನಂಥ ಐಟಿಯವರು. ನಮ್ಮ ಆತ್ಮಸಾಕ್ಷಿಯನ್ನು ಯಾವ ಕಂಪನಿ ನಂಬಿದೆ ಹೇಳಿ? ಹತ್ತು ಸಾಲು ಕೋಡ್ ಬರೆದರೆ ಇನ್ನೊಬ್ಬ ರಿವ್ಯೂ ಮಾಡ್ತಾನೆ, ಟೆಸ್ಟಿಂಗ್‌ನವರು ಕುಟ್ಟಿ ನೋಡ್ತಾರೆ, ಆಮೇಲೂ ಕೆಟ್ಟರೆ ರೋಲ್‌ಬ್ಯಾಕ್. ಅಷ್ಟೂ ಹೊತ್ತು ಎಲ್ಲರಿಗೂ ಸಂಬಳ ನಡೀತಿರುತ್ತೆ. ಪ್ಲಂಬರಿಗೆ ಸಾಮಾನ್ಯವಾಗಿ ಪಾಯಿಂಟ್ ಲೆಕ್ಕ, ಇಷ್ಟು ನಲ್ಲಿಗೆ ಇಷ್ಟು. ಅವರಿಗೂ ಒಂದು ಟೆಸ್ಟ್ ಇದೆ: ಪೈಪಿನ ಬಾಯಿಗಳಿಗೆಲ್ಲ ಪ್ಲಗ್ ಹಾಕಿ, ಕೈಪಂಪಿನಲ್ಲಿ ಪ್ರೆಷರ್ ಏರಿಸಿ, ಗೇಜಿನ ಮುಳ್ಳು ಇಳಿಯುತ್ತಾ ಅಂತ ಕಾಯೋದು. ಕಾಯೋದಕ್ಕೆ ಪಾಯಿಂಟ್ ಇಲ್ಲ. ನಾಳೆ ಬೆಳಿಗ್ಗೆ ಟೈಲ್ಸ್‌ನವನು ಬರ್ತಾನೆ. ನಮಗೆ ಅವರ ಪ್ರಾಮಾಣಿಕತೆ ಬೇಕು, ಅದಕ್ಕೆ ಹಿಡಿಯುವ ಹೊತ್ತಿಗೆ ಮಾತ್ರ ದುಡ್ಡು ಕೊಡಲ್ಲ.

ನಮ್ಮೂರ ಬಚ್ಚಲಲ್ಲಿ ಪೈಪು ಗೋಡೆಯ ಮೇಲೇ ಓಡುತ್ತಿತ್ತು. ಸೋರಿದರೆ ಹಂಡೆಗೆ ಬೆಂಕಿ ಹಾಕಲು ಬಂದ ಅಜ್ಜಿಗೆ ಕಾಣ್ತಿತ್ತು; ಕೂರಿಸಿದವನು ಸಂಜೆ ಕಟ್ಟೆಯ ಮೇಲೆ ಸಿಗ್ತಿದ್ದ. ಊರಿನವರು ಸಾಚಾ ಅಂತ ಇದರಿಂದ ಏನೂ ಸಾಬೀತಾಗಲ್ಲ. ಪೈಪು ಹೊರಗಿತ್ತು, ಅಷ್ಟೆ.

ಆದರೂ ಎಲ್ಲವನ್ನೂ ರೇಟು, ಟೈಮು ಅಂತ ಹೇಳಿ ಮುಗಿಸಕ್ಕಾಗಲ್ಲ. ಅತಿಯಾಗಿ ಬಿಗಿದ ಫಿಟ್ಟಿಂಗ್ ಅವತ್ತಿನ ಟೆಸ್ಟಿನಲ್ಲಿ ಪಾಸಾಗಬಹುದು. ಆ ಬಿಗಿತ ಒಳಗೇ ಕೂತಿದ್ದು, ಎಷ್ಟೋ ದಿನದ ಮೇಲೆ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಸಿಪಿವಿಸಿಗೆ ಹೊಂದದ ಪೇಸ್ಟ್ ಹಚ್ಚಿದರೂ ಅದೇ ಕತೆ. ಇದನ್ನು ಹಿಡಿಯುವ ಗೇಜು ಇಲ್ಲ. ಕೈ ತಾನಾಗಿ ನಿಲ್ಲಬೇಕು.

ಹೋದ ವರ್ಷ ನಮ್ಮ ಬಾತ್‌ರೂಮ್ ಒಡೆಸಿದಾಗ ಟೆಸ್ಟಿಗೆ ಅಂತ ಅರ್ಧ ದಿನದ ಕೂಲಿ ಬೇರೆ ಕೊಡ್ತೀನಿ ಅಂದೆ. "ಯಾರೂ ಕೇಳಲ್ಲ ಸಾರ್ ಇದನ್ನ" ಅಂತ ಪ್ಲಂಬರ್ ಪಂಪು ತಂದರು. ಮುಳ್ಳು ಇಳಿಯಲಿಲ್ಲ. ಟೈಲ್ಸ್ ಆದ ಮೇಲೆ ನಲ್ಲಿ ಕೂರಿಸುವಾಗ ಸ್ಪ್ಯಾನರ್ ಬಿಗಿಯಾಗಿ ನಿಂತಿತು, ನಲ್ಲಿ ಮಾತ್ರ ಇನ್ನೂ ವಾರೆಯಾಗಿತ್ತು. ಒಂದು ಜಗ್ಗು ಜಗ್ಗಿದ್ದರೆ ನೇರವಾಗಿಬಿಡ್ತಿತ್ತು. ಅವರು ಪೂರ್ತಿ ಬಿಚ್ಚಿ, ಹಳೇ ಟೇಪು ಕಿತ್ತು, ಹೊಸದನ್ನು ಲೆಕ್ಕ ಹಾಕಿ ಸುತ್ತಿ, ಮೊದಲಿಂದ ಶುರು ಮಾಡಿದರು. ಅದಕ್ಕೆ ನಾನು ದುಡ್ಡು ಮಾತಾಡಿರಲಿಲ್ಲ. ಅವರೂ ಕೇಳಲಿಲ್ಲ.